ಬುಡದಿಂದ ಬಿಳಿ

ಸರಕ್ಕೆ ಪೋಣಿಸುವ ಹವಳವಲ್ಲ ಇದು.
ಇದಕ್ಕೆ ಹಸಿವಿದೆ, ಇರುಳು ಬಾಯಿ ತೆರೆಯುತ್ತದೆ,
ಕಾಯಿಲೆಯೂ ಬೀಳುತ್ತದೆ.

ಮಿಶ್ಕೊಲ್ಟ್ಸ್ ಊರು, ಎಂಟನೆಯ ಮಹಡಿ.
ಹೊರಗೆ ಸೊನ್ನೆಗಿಂತ ಒಂಬತ್ತು ಕೆಳಗೆ.
ಹಂಗೇರಿಗೆ ಕಡಲಿಲ್ಲ. ಇರುವುದಿಷ್ಟೇ,
ನಮ್ಮ ಊಟದ ಮೇಜಿನ ಪಕ್ಕ ನಾನೂರು ಲೀಟರ್,
ಚೀಲದ ಉಪ್ಪು ಕದಡಿ ನಾವೇ ಮಾಡಿಕೊಂಡದ್ದು.

ಕೊನೆಯ ಟ್ರಾಮನ್ನು ಡಿಪೋ ಸೇರಿಸಿ ಬಂದ ಎತೆಲ್ಕಾ
ಕೋಟು ಬಿಚ್ಚುವ ಮೊದಲೇ ಗಾಜಿನೆದುರು ಕೂತಳು.
"ದೀಪ ಹಾಕಬೇಡ, ಕೆಂಪು ಟಾರ್ಚ್ ಕೊಡು."
ಕೆಂಪು ಬೆಳಕಿಗೆ ಹವಳ ಬೆಚ್ಚುವುದಿಲ್ಲ,
ಹವಳ ತಿನ್ನುವ ಹುಳವೂ ಓಡುವುದಿಲ್ಲ.

ನೀಲಿ ತುದಿಯ ಕವಲುಹವಳ.
ಬುಡದಲ್ಲಿ ಉಗುರಗಲ ಬಿಳಿ.

ಬಿಳಿಯಲ್ಲಿ ಎರಡುಂಟು ಎನ್ನುತ್ತಾಳೆ ಅವಳು:
ಬಣ್ಣ ಹೋದ ಬಿಳಿ, ಮೈ ಹೋದ ಬಿಳಿ.
ಮೊದಲನೆಯದರಲ್ಲಿ ತೊಗಲು ಗಾಜಿನಷ್ಟು ತಿಳಿಯಾಗಿ
ಇನ್ನೂ ಇರುತ್ತದೆ,
ಸಾಸಿವೆಯಂಥ ಬಾಯಿಗಳು ಇನ್ನೂ ಏನೋ ಕೇಳುತ್ತಿರುತ್ತವೆ.
ಎರಡನೆಯದು ಬರೀ ಎಲುಬು.
ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು.
ಎರಡನೆಯದು.

ಹುಳದ ತತ್ತಿ? ಇಲ್ಲ. ಕಚ್ಚಿದ ಗುರುತು? ಇಲ್ಲ.
ಕಂದು ಲೋಳೆ? ಮೂಸಿದಳು, ಬರೀ ಉಪ್ಪಿನ ವಾಸನೆ.
ಕೊಳವೆಯ ನೀರಿಗೆ ಹನಿ ಬಿಟ್ಟಳು, ಕ್ಷಾರ ಅಳೆಯಲು.
ನಾನು ಎಣಿಸಿದೆ. ಎಂಟಾಯಿತು, ಒಂಬತ್ತಾಯಿತು,
ಹನ್ನೆರಡನೆಯ ಹನಿಗೆ ನೀಲಿ ಹಳದಿಯಾಯಿತು.
ಭಾನುವಾರ ಎಂಟಕ್ಕೇ ಆಗಿತ್ತು.

ಇಬ್ಬರೂ ಒಟ್ಟಿಗೆ ಪಂಪಿನ ಕಡೆ ನೋಡಿದೆವು.
ಭಾನುವಾರ ಅದನ್ನು ಬಿಚ್ಚಿ ತೊಳೆದು
ಮತ್ತೆ ಜೋಡಿಸಿದವನು ನಾನು.
ಅವಳು ಏನೂ ಅನ್ನಲಿಲ್ಲ.
ಅನ್ನಬಹುದಿತ್ತು.

ಬಕೆಟ್ಟಿನಲ್ಲಿ ಅಯೋಡಿನ್ ಹನಿಸಿದ ನೀರು, ತೆಳು ಚಹದ ಬಣ್ಣ.
ಇಕ್ಕಳ ಹಿಡಿದಳು.
ಕತ್ತರಿಸಬೇಕಾದ್ದು ಕಾಯಿಲೆ ಇರುವಲ್ಲಿ ಅಲ್ಲವಂತೆ,
ಬಿಳಿ ಮುಗಿದು ಎರಡು ಬೆರಳು ಮೇಲೆ,
ಜೀವ ಗಟ್ಟಿಯಾಗಿರುವಲ್ಲಿ.
ಕಟ್. ಸಕ್ಕರೆ ಕಡ್ಡಿ ಮುರಿದ ಸದ್ದು.
ಐದು ತುಂಡು. ಹತ್ತು ನಿಮಿಷ. ಗಡಿಯಾರ ನನ್ನ ಕೈಲಿ,
ಇಷ್ಟಾದರೂ ಸರಿಯಾಗಿ ಮಾಡೋಣವೆಂದು
ಕಣ್ಣು ಮಿಟುಕಿಸದೆ ಮುಳ್ಳು ನೋಡಿದೆ.

ಬೆಳಗಿಗೆ ಮೂರು ಸುಲಿದಿದ್ದವು,
ಕೆಂಡದ ಮೇಲಿನ ಬೂದಿ ಗಾಳಿಗೆ ಹಾರಿದ ಹಾಗೆ.
ಮಧ್ಯಾಹ್ನಕ್ಕೆ ಉಳಿದೆರಡೂ.

ಇದರದೇ ಕೊಂಬೆಯೊಂದು ವೆಂಡೆಲ್ ಮನೆಯಲ್ಲಿತ್ತು,
ಎಕ್ಸ್‌ರೇ ತೆಗೆಯುವ ವೆಂಡೆಲ್.
ಕೊಟ್ಟದ್ದು ಮೂರು ವರ್ಷದ ಕೆಳಗೆ,
ಮಾತು ಬಿಟ್ಟದ್ದು ಎರಡು ವರ್ಷದ ಕೆಳಗೆ,
ಸಾಲ ಒಯ್ದ ಹೀಟರೊಂದು ಒಡೆದು ವಾಪಸಾದ ಕಾರಣಕ್ಕೆ.
ಅವಳು ಫೋನ್ ಮಾಡಿದಳು.
ಅವನು ಕೇಳಿದ್ದು ಒಂದೇ: "ನಾಳೆ ಎಷ್ಟನೆಯ ಟ್ರಾಮು ನಿನ್ನದು?"

ಟಿಸಾಯಿ ನಿಲ್ದಾಣದಲ್ಲಿ ಮುಂದಿನ ಬಾಗಿಲಿಂದ ಹತ್ತಿ
ಚಾಲಕಿಯ ಗಾಜು ತಟ್ಟಿ
ಕೋಟಿನೊಳಗಿಂದ ಫ್ಲಾಸ್ಕ್ ತೆಗೆದುಕೊಟ್ಟನಂತೆ,
ಚಹಾ ಕೊಟ್ಟ ಹಾಗೆ.
ಒಳಗೆ ಇಪ್ಪತ್ತೈದು ಡಿಗ್ರಿ ಕಡಲು,
ಹೆಬ್ಬೆರಳಿನಷ್ಟು ನೀಲಿ.
ಟಿಕೆಟ್ಟು ತೋರಿಸಿ ಹಿಂದೆ ಹೋಗಿ ಕೂತನಂತೆ.
ಆ ದಿನ ಅವಳು ಬ್ರೇಕು ಹಾಕಿದ್ದು
ಊರಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಈಗ ಅದು ಬೇರೆ ಗಾಜಿನಲ್ಲಿ, ಒಂಟಿಯಾಗಿ, ಆರು ವಾರ.
ಪಂಪಿನ ಹನಿಗಳನ್ನು ನಾನು ದಿನಾ ಅಳೆಯುತ್ತೇನೆ,
ಯಾರೂ ಹೇಳಿಲ್ಲ.
ನಿನ್ನೆ ಮೂರು ಗಂಟೆಗೆ ಕೆಂಪು ಟಾರ್ಚ್ ಹಿಡಿದು ನೋಡಿದರೆ
ಬುಡದಲ್ಲಿ, ಅಂಟಿನ ಮೇಲೆ,
ಕೂದಲೆಳೆಯಷ್ಟು ತೊಗಲು ತೆವಳಿದ ಹಾಗಿತ್ತು.
ಇರಬಹುದು. ಟಾರ್ಚಿನ ನೆರಳೂ ಇರಬಹುದು.
ಅವಳಿಗೆ ಐದಕ್ಕೆ ಕೆಲಸ. ಎಬ್ಬಿಸಲಿಲ್ಲ.