ನಾಲ್ಕಿಂಚಿನ ಮಿಷನ್ನು

ಸಂತೇಪೇಟೆಯ ಓಂಕಾರಯ್ಯನ ಅಂಗಡಿ ಕಟ್ಟೆ ಹತ್ತುವಾಗ
ನನ್ನ ವೈರಿನ ಬುಟ್ಟಿಯಲ್ಲಿ ಒಂದೂವರೆ ಅಡಿ ಆಂಗ್ಲ್ ಇತ್ತು,
ಆಲೂರಿನ ತೋಟದಿಂದ ಬಂದ ಪಲ್ಪರಿನ ಕಾಲು.
ಅಕ್ಕಿ ಕೊಳ್ಳುವವರು ನಾಲ್ಕು ಕಾಳು ಬಾಯಿಗೆ ಹಾಕಿ ನೋಡುವುದಿಲ್ಲವೆ,
ಹಾಗೆ ಮಿಷನ್ನಿಗೂ ಕಚ್ಚಲು ಏನಾದರೂ ಕೊಡಬೇಕು.

‘ಇದು ಸಾವಿರದ ಮುನ್ನೂರು’ ಎಂದ.
ನೀಲಿ. ಹಗುರ. ಡಬ್ಬದ ಮೇಲೆ ಬಾಯಿ ತೆರೆದ ಹುಲಿ.
‘ಇದು ಎರಡು ಆರುನೂರು, ಒಂದು ವರ್ಷ ಗ್ಯಾರಂಟಿ.
ಇದು ಚಾಪ್ ಸಾ, ಒಂಬತ್ತಕ್ಕೆ ಮಾಡಿಕೊಡ್ತೀನಿ, ನೀವು ಅಂತ.’
ನಾನು ಅಂತ!
ನಾನು ಯಾರೆಂದು ಅವನಿಗೆಲ್ಲಿ ಗೊತ್ತು.

ಪೆನ್‌ಷನ್ ಮೊಹಲ್ಲಾದ ಓಣಿಯ ಕೊನೆಗೆ
ತಗಡಿನ ಗೇಟು, ತಕ್ಕಡಿ, ನಾನು.
ಅವನು ಮಾರಿದ್ದೆಲ್ಲ ಒಂದು ದಿನ
ಗೋಣಿಚೀಲದಲ್ಲಿ ಕೂತು ನನ್ನಲ್ಲಿಗೆ ಬರುತ್ತದೆ.
ಮೂರು ವರ್ಷದಲ್ಲಿ ನಲವತ್ತೊಂದು ಗ್ರೈಂಡರುಗಳ
ಹೊಟ್ಟೆ ಬಗೆದಿದ್ದೇನೆ, ತಾಮ್ರಕ್ಕಾಗಿ.
ಹುಲಿ ಮಾರ್ಕಿನವು ಇಪ್ಪತ್ತಾರು.
ಒಳಗೆ ಕರಿಕಾದ ಸುರುಳಿ, ಅನ್ನ ಸೀದ ತಳದ ವಾಸನೆ,
ತಾಮ್ರವೆಂದು ಕೆರೆದು ನೋಡಿದರೆ ಬಣ್ಣ ಬಳಿದ ಅಲ್ಯೂಮಿನಿಯಂ.
ಹಸಿರು ಮೈಯವು ಮೂರೇ ಮೂರು.
ಅದರಲ್ಲೂ ಒಂದರ ಮೇಲೆ ಲಾರಿ ಹತ್ತಿತ್ತು ಪಾಪ.

‘ಹಾಕಿ ನೋಡಿ’ ಎಂದು ಆಂಗ್ಲ್ ಮುಂದಿಟ್ಟೆ.
ಮುಖ ಸಿಂಡರಿಸಿ ಪ್ಲಗ್ ಸಿಕ್ಕಿಸಿದ.
ಹುಲಿ ಅರ್ಧ ಕೊಯ್ದು ಏದುಸಿರು ಬಿಟ್ಟಿತು,
ಕುತ್ತಿಗೆ ಮುಟ್ಟಿದರೆ ಜ್ವರ.
ಹಸಿರಿನದು ಬೆಣ್ಣೆಯಂತೆ ಇಳಿಯಿತು.
ಬೆಲೆ ನಾಲ್ಕು ಸಾವಿರ.
ಸೊಂಟದ ಚೀಲದಲ್ಲಿ ಎರಡು ಸಾವಿರದ ಇನ್ನೂರು ಇತ್ತು.

ಅಲ್ಲೇ ನಿಂತು ಲೆಕ್ಕ ಹಾಕಿದೆ.
ಪಲ್ಪರು ಮುನ್ನೂರು ಕಿಲೋ.
ಬಿಡಿಸಿ ಬೀಡು ಬೇರೆ, ಕಬ್ಬಿಣ ಬೇರೆ ಮಾಡಿ ಕೊಟ್ಟರೆ
ಕಿಲೋಗೆ ಐದು ರೂಪಾಯಿ ಹೆಚ್ಚು.
ಗ್ಯಾಸ್ ಕಟ್ಟರಿನ ರತ್ನಾಕರ ದಿನಕ್ಕೆ ಎಂಟುನೂರು ಕೇಳುತ್ತಾನೆ,
ಕೊಟ್ಟರೂ ಬರುವುದಿಲ್ಲ.
ಕೈಗರಗಸದಲ್ಲಿ ಸೆಲ್ವನಿಗೆ ಒಂದು ಕಾಲು ಕೊಯ್ಯಲು
ಮುಕ್ಕಾಲು ಗಂಟೆ, ಎರಡು ಬ್ಲೇಡು, ಒಂದು ರಾಶಿ ಬೈಗುಳ.

ಆಗ ನೆನಪಾಯಿತು ಶನಿವಾರ ಬಂದ ಹಸಿರಿನದು.
‘ತಿರುಗಲ್ಲ ಅಕ್ಕ’ ಎಂದು ಬೂವನಹಳ್ಳಿಯ ವೆಲ್ಡರ್ ಬಿಟ್ಟು ಹೋದದ್ದು.
ತೂಕಕ್ಕೆ ತೊಂಬತ್ತು ಕೊಟ್ಟಿದ್ದೆ.
ಬಗೆಯಲು ತೆರೆದರೆ ಸುರುಳಿ ಹೊಸ ಬಳೆಯಂತೆ ಹೊಳೆಯುತ್ತಿತ್ತು,
ಸುತ್ತಿಗೆ ಎತ್ತಲು ಕೈ ಬರದೆ ಪಕ್ಕಕ್ಕಿಟ್ಟಿದ್ದೆ.

‘ಇದಕ್ಕೆ ಕಾರ್ಬನ್ ಬ್ರಷ್ ಇದೆಯಾ?’
ಓಂಕಾರಯ್ಯ ಡ್ರಾಯರು ಎಳೆದ. ಜೋಡಿಗೆ ನಲವತ್ತು.
ಕಿರುಬೆರಳ ಉಗುರಿನಷ್ಟು ಕಲ್ಲಿದ್ದಲ ಚೂರು, ಬೆನ್ನಿಗೊಂದು ಸ್ಪ್ರಿಂಗು.
ಐದು ಕಟಿಂಗ್ ವೀಲು ತೆಗೆದುಕೊಂಡೆ,
ನಡುವಿನ ಉಂಗುರದ ಮೇಲಿನ ತಾರೀಖು ಓದಿ ಎರಡನ್ನು ವಾಪಸು ಕೊಟ್ಟೆ;
ಹಾಲಿನ ಪ್ಯಾಕೆಟ್ಟಿನ ಹಾಗೆ ಇವಕ್ಕೂ ಆಯಸ್ಸು,
ಹಳತಾದರೆ ಸಿಡಿಯುತ್ತವೆ.
ಕನ್ನಡಕ ನೂರಿಪ್ಪತ್ತು.
‘ಮಿಷನ್ನಿಗಿಂತ ಕನ್ನಡಕ ದುಬಾರಿಯಾಯ್ತಲ್ಲ’ ಎಂದು ನಕ್ಕ.
ನಾನು ನಗಲಿಲ್ಲ.
ಗಾರ್ಡು ಬಿಚ್ಚಿ ದೊಡ್ಡ ವೀಲು ಹಾಕಿದವರು ನಮ್ಮ ಮನೆಯಲ್ಲೇ ಇದ್ದಾರೆ,
ಟೀ ಲೋಟ ಹಿಡಿಯಲು ಅವರಿಗೀಗ ಮೂರು ಬೆರಳು.

ಸಂಜೆ ಬ್ರಷ್ ಕೂರಿಸಿ ಸ್ವಿಚ್ ಒತ್ತಿದೆ.
ಕೆಮ್ಮಿತು, ಧೂಳು ಉಗುಳಿತು,
ಆಮೇಲೆ ಒಂದೇ ಉಸಿರಿಗೆ ಶ್ರುತಿ ಹಿಡಿಯಿತು.
ಸೆಲ್ವ ಕನ್ನಡಕದೊಳಗಿಂದ ಪಲ್ಪರಿನ ಎರಡನೇ ಕಾಲು ನೋಡುತ್ತ ಕೂತ,
ಕಿಡಿಗಳು ಅವನ ಬೂಟಿಗೆ ಬಡಿದು ಸಾಯುತ್ತಿದ್ದವು.

ಮಿಷನ್ನು ತಣ್ಣಗಾದ ಮೇಲೆ ಎಣ್ಣೆಬಟ್ಟೆಯಿಂದ ಒರೆಸಿದೆ.
ಹಿಡಿಕೆಯ ಕೆಳಗೆ ಮೊಳೆಯಲ್ಲಿ ಕೆತ್ತಿದ ಹೆಸರು: ನಿಂಗರಾಜು.
ಅದರಡಿ ಫೋನ್ ನಂಬರು.
ನಲವತ್ತು ರೂಪಾಯಿಯ ಕಾಯಿಲೆಗೆ ಅವನು ಇದನ್ನು ಮಾರಿಬಿಟ್ಟ,
ಯಾರೂ ಅವನಿಗೆ ಹೇಳಿರಲಿಲ್ಲ. ನಾನೂ.
ಒಂಬತ್ತು ಅಂಕಿ ಓದಲು ಬರುತ್ತವೆ,
ಕೊನೆಯದು ಸವೆದಿದೆ, ಮೂರೋ ಎಂಟೋ.

ಪಲ್ಪರು ಮುಗಿಯಲಿ, ನೋಡೋಣ.