ದೊಡ್ಡ ಅರ್ಧ

ಏಳನೇ ಕ್ಲಾಸಿಗೆ ಇವತ್ತು ಅನುಪಾತ.
ಬೋರ್ಡಿನ ಮೇಲೆ ಏಳು, ನಡುವೆ ಎರಡು ಚುಕ್ಕಿ, ಒಂದು.
ಶಿಡ್ಲಘಟ್ಟದ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.
ಹಿಂದಿನ ಬೆಂಚಿನ ನವಾಜ್ ಕೈಯೆತ್ತದೆ ಕೂಗುತ್ತಾನೆ,
"ಏಳು ಕೆಜಿ ಗೂಡು, ಒಂದು ಕೆಜಿ ರೇಷ್ಮೆ, ಮಿಸ್!"
"ಎಂಟೂ ಆಗುತ್ತೆ, ಗೂಡು ಮೆತ್ತಗಿದ್ರೆ,"
ಕಿಟಕಿ ಪಕ್ಕದಿಂದ ಗಂಗರತ್ನ.
ಇಬ್ಬರ ಮನೆಯಲ್ಲೂ ನೀರು ಕುದಿಯುತ್ತದೆ.

ಉಳಿದ ಆರು ಕೆಜಿ ಎಲ್ಲಿ ಹೋಯಿತೆಂದು
ಯಾರೂ ಕೇಳಲಿಲ್ಲ. ಊರಿನ ಗಾಳಿಗೆ ಗೊತ್ತು,
ನಮ್ಮ ಮೂಗಿಗೆ ಮರೆತುಹೋಗಿದೆ.

ನನಗೆ ನಾಲ್ಕಿದ್ದಾಗ ಆಪಾಗೆ ಹನ್ನೆರಡು.
ನನ್ನ ಮೂರು ಪಟ್ಟು ಅವಳು; ಅಷ್ಟಕ್ಕೇ
ಬಿಸಿನೀರಿನ ತೊಟ್ಟಿಯ ಮುಂದೆ ಕೂತು
ಗೂಡಿನಿಂದ ಎಳೆಯ ತುದಿ ಹುಡುಕುತ್ತಿದ್ದಳು.
ಬೆರಳ ತುದಿ ಬೆಂದು, ಬಿಳಿಚಿ, ರೇಖೆ ಅಳಿಸಿತ್ತು.
ನನಗೆ ಎಂಟು, ಅವಳಿಗೆ ಹದಿನಾರು. ಎರಡೇ ಪಟ್ಟು.
"ಹಿಂಗೇ ಹೋದ್ರೆ ಹಿಡಿದುಬಿಡ್ತೀಯ ನನ್ನ," ಅಂತ ನಗುತ್ತಿದ್ದಳು.

ಒಂದು ಮುಷ್ಟಿ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ
"ನೂರರಲ್ಲಿ ಆರು ಸತ್ತಿವೆ" ಅನ್ನುವಳು.
ಒಡೆದು ಎಣಿಸಿದವರು ಯಾರೂ ಇಲ್ಲ.
ಮಾರುಕಟ್ಟೆಯಲ್ಲಿ ದರ ಮಾತ್ರ ಅಷ್ಟಕ್ಕೆ ಸರಿಯಾಗಿ ಇಳಿಯುತ್ತಿತ್ತು.

ಒಂದು ವರ್ಷ ರಂಜಾನ್‌ಗೆ ಮುಂಚೆ ಮಾಲೀಕ
ಕೂಲಿಗೆ ನೂರಕ್ಕೆ ಹತ್ತು ಏರಿಸಿದ.
ವ್ಯಾಪಾರ ಬಿತ್ತೆಂದು ಬಕ್ರೀದ್ ಹೊತ್ತಿಗೆ
ನೂರಕ್ಕೆ ಹತ್ತು ಇಳಿಸಿದ.
"ಹತ್ತು ಕೊಟ್ಟೆ, ಹತ್ತು ತಗೊಂಡೆ, ಲೆಕ್ಕ ಚುಕ್ತಾ."
ನಾನಾಗ ಬಿ.ಎಡ್. ಓದುತ್ತಿದ್ದೆ; ಸರಿಯಾಗೇ ಇದೆಯಲ್ಲ ಅಂದೆ.
ಐವತ್ತು ಹೋಗಿ ಐವತ್ತೈದಾಗಿ
ವಾಪಸು ಬರುವಾಗ ನಲವತ್ತೊಂಬತ್ತೂವರೆ.
ನಾಲ್ಕಕ್ಕೇ ಶಾಲೆ ಬಿಟ್ಟವಳು
ಇಲ್ಲದ ಎಂಟಾಣೆಯ ಜಾಗವನ್ನು
ಅಂಗೈಯ ನಡುವೆ ಒತ್ತಿ ತೋರಿಸಿ ಕೇಳಿದಳು:
"ಹತ್ತು, ಸರಿ. ಯಾವುದರ ನೂರಕ್ಕೆ?"

ಪೇಪರಿನಲ್ಲಿ ಅದು ಇಷ್ಟು ಶೇಕಡಾ ಏರಿತು,
ಇದು ಇಷ್ಟು ಇಳಿಯಿತು ಅಂತ ಓದಿದಾಗಲೆಲ್ಲ
ಯಾವುದರ ನೂರಕ್ಕೆ, ಯಾವುದರ ನೂರಕ್ಕೆ.

ಶನಿವಾರ ಬಟವಾಡೆ. ಬೇಕರಿಯ ದಿಲ್‌ಪಸಂದಿನ ಕಾಲು ಭಾಗ
ಎಣ್ಣೆ ಹೀರಿದ ಕಾಗದದಲ್ಲಿ, ಸೆರಗಿನ ಗಂಟಿನಲ್ಲಿ.
ಮುರಿದು, ಎರಡನ್ನೂ ಬಲ್ಬಿನ ಕೆಳಗೆ ಹಿಡಿದು
"ತಗೋ ಶಾಕಿರಾ, ದೊಡ್ಡ ಅರ್ಧ ನಿಂದು."
ಅರ್ಧದಲ್ಲಿ ದೊಡ್ಡದು ಚಿಕ್ಕದು ಇರುವುದಿಲ್ಲ.
ಹಾಗೆ ಬರೆದವರಿಗೆ ನಾನೇ ಕೆಂಪು ಇಂಕಿನಲ್ಲಿ ಸುತ್ತುತ್ತೇನೆ.
ತಿಂದ ನಾಲಿಗೆಯ ಲೆಕ್ಕ ಬೇರೆ.

ಇಪ್ಪತ್ತನಾಲ್ಕು, ಮೂವತ್ತೆರಡು. ಮೂರಕ್ಕೆ ನಾಲ್ಕು.
ನಲವತ್ತು, ನಲವತ್ತೆಂಟು. ಐದಕ್ಕೆ ಆರು.
ಅನುಪಾತ ಸವೆಯುತ್ತ ಬಂತು,
ನೋಡಿದವರು ಅವಳಿ ಅನ್ನುತ್ತಿದ್ದರು.
ಕಳೆದರೆ ಮಾತ್ರ ಎಂಟು.
ಯಾವ ವರ್ಷ ಕಳೆದರೂ ಎಂಟೇ.
ಅಷ್ಟು ದೂರದಲ್ಲಿ ಅವಳ ಬೆನ್ನು ಕಾಣುತ್ತಿತ್ತು, ಧೈರ್ಯವಾಗುತ್ತಿತ್ತು.

ಐವತ್ತೊಂದಕ್ಕೆ ದಮ್ಮು ಹೆಚ್ಚಾಗಿ ಹೋದಳು.
ನನಗೆ ನಲವತ್ತಮೂರು.
ಎಂದೂ ಕದಲದ ಎಂಟು ಅವತ್ತಿನಿಂದ ಕರಗತೊಡಗಿತು.
ಏಳು. ಆರು. ಐದು.
ಪ್ರತಿ ಹುಟ್ಟುಹಬ್ಬಕ್ಕೂ ಅವಳಿಂದ ಒಂದು ಕದಿಯುತ್ತೇನೆ.
ಈಗ ಎರಡು ಮಿಕ್ಕಿದೆ.
ಆಮೇಲೆ ಒಂದಕ್ಕೆ ಒಂದು, ಸಮ.
ಅದರ ಮರುವರ್ಷ ನಾನೇ ದೊಡ್ಡವಳು.
ಚಿಕ್ಕವಳನ್ನು ಯಾರಾದರೂ ಆಪಾ ಅಂತಾರಾ?

ಬೆಲ್ ಆಯಿತು. ಗಂಗರತ್ನ ನೋಟ್‌ಬುಕ್ ಹಿಡಿದು ಮೇಜಿನ ಹತ್ತಿರ.
"ಮಿಸ್, ಏಳು ಹಾಕಿ ಒಂದೇ ಬಂದ್ರೆ
ಅದು ಲಾಭಾನಾ, ನಷ್ಟಾನಾ?"
ಲಾಭ-ನಷ್ಟ ಮುಂದಿನ ಪಾಠ ಅಂದೆ.
ಅವಳು ಪುಟ ತಿರುಗಿಸಿದಳು.
ನಾನು ಬೆರಳು ನೋಡಿದೆ.
ಬೆಂದಿಲ್ಲ. ನೀಲಿ ಇಂಕು,
ಉಗುರಿನ ಸಂದಿಯಲ್ಲೂ.