ನಾಲ್ಕು ಡಿಗ್ರಿ

ಸಿರುಗುಪ್ಪ ರಸ್ತೆಯಲ್ಲಿ ಬಳ್ಳಾರಿ ಮುಗಿದು
ಜಾಲಿ ಶುರುವಾಗುವ ಕಡೆ
ಕಿಟಕಿಯೇ ಇಲ್ಲದ ಒಂದು ಕಟ್ಟಡ.
ಅದರೊಳಗೆ ನನ್ನ ಚಳಿಗಾಲ.

ಹೊರಗೆ ಏಪ್ರಿಲ್. ರಾತ್ರಿ ಹನ್ನೊಂದಕ್ಕೂ
ಗೋಡೆ ಮುಟ್ಟಿದರೆ ರೊಟ್ಟಿ ಹಂಚು.
ಊರಿಗೆ ಊರೇ ಮಾಳಿಗೆ ಹತ್ತಿ
ಚಾಪೆಗೆ ನೀರು ಚಿಮುಕಿಸಿ ಮಲಗಿದೆ.
ನಾನು ಎರಡು ಜೊತೆ ಕಾಲುಚೀಲ ಏರಿಸಿ
ಕಿವಿಗೆ ಮಫ್ಲರ್ ಬಿಗಿದು
ಗೇಣು ದಪ್ಪದ ಬಾಗಿಲು ಎಳೆದುಕೊಳ್ಳುತ್ತೇನೆ.

ನಾಲ್ಕು ಅಂತಸ್ತು ಮೆಣಸಿನಕಾಯಿ.
ಡಬ್ಬಿ, ಕಡ್ಡಿ, ಗುಂಟೂರು.
ಬೆಳಕು ಬಿದ್ದರೆ ಕೆಂಪು ಬಾಡುತ್ತದೆಂದು
ಸಾಹುಕಾರರು ಬಲ್ಬು ತೆಗೆಸಿದ್ದಾರೆ.
ಗಂಟೆಗೊಮ್ಮೆ ಟಾರ್ಚು, ಗಂಟೆಗೊಮ್ಮೆ ಮೀಟರು.
ರಿಜಿಸ್ಟರಿನಲ್ಲಿ ಬರೆಯುತ್ತೇನೆ:
ನಾಲ್ಕು. ನಾಲ್ಕು. ನಾಲ್ಕೂವರೆ. ನಾಲ್ಕು.
ಒಂಬತ್ತು ವರ್ಷದ ನನ್ನ ದಿನಚರಿ ಅದು.
ಮುಂದೆ ಯಾರಾದರೂ ಓದಿದರೆ
ಪಾಪ, ಇವನಿಗೆ ಐದು ಎಣಿಸಲು ಬರುತ್ತಿರಲಿಲ್ಲ
ಅಂದುಕೊಂಡಾರು.

ಕೆಲಸ ಕಲಿಸಿದವನು ಕಾಸಿಂಪೀರ.
ಮೊದಲ ರಾತ್ರಿಯೇ ಅಂದಿದ್ದ:
“ಥಂಡಿಗೆ ಅಂಜಬ್ಯಾಡ, ಅದು ಮೈಗಷ್ಟ.
ಕಂಪ್ರೆಸರ್ ನಿಂತಾಗ ಒಂದು ಸುಮ್ಮನಿರೋದು ಬರತೈತಿ ನೋಡು,
ಅದು ಕೆಟ್ಟದ್ದು. ಆವಾಗ ಏನಾರ ಮಾತಾಡು.”
“ಯಾರ ಜೋಡಿ?”
“ಚೀಲದ ಜೋಡಿ. ಮ್ಯಾಲೆ ಹೆಸರು ಬರದಿರತಾರಲ್ಲ.”
ಅವನೀಗ ಕುಡಿತಿನಿಯಲ್ಲಿ
ಮೇ ತಿಂಗಳಲ್ಲೂ ಬಿಸಿಲಿಗೆ ಬೆನ್ನು ಕೊಟ್ಟು ಕೂತಿರುತ್ತಾನಂತೆ.

ಹಾಗಾಗಿ ಮಾತಾಡುತ್ತೇನೆ.
ಚೆಳ್ಳಗುರ್ಕಿ ಯಂಕೋಬಣ್ಣ, ರೇಟು ಏರಿತೇನಪ್ಪಾ?
ತೆಕ್ಕಲಕೋಟೆ ಪಾರಮ್ಮ,
ನಿನ್ನ ಮೂವತ್ತಾರೂ ಅರಾಮದಾವ, ನಿದ್ದಿ ಮಾಡು.
ಬಾಯಿಂದ ಹೊರಟ ಹೊಗೆ
ಟಾರ್ಚಿನ ಬೆಳಕಲ್ಲಿ ಒಂದು ಕ್ಷಣ ನಿಂತು
ಕೇಳಿಸಿಕೊಂಡಂತೆ ಮಾಡಿ ಕರಗುತ್ತದೆ.
ಆಮೇಲೆ ಘಾಟು ಹತ್ತಿ ಕೆಮ್ಮುತ್ತೇನೆ.
ನಾಲ್ಕನೇ ಅಂತಸ್ತಿನಲ್ಲಿ ಇನ್ನೊಬ್ಬ ಕೆಮ್ಮುತ್ತಾನೆ.
ಅವನು ನಾನೇ ಎಂದು ತಿಳಿಯಲು
ಮೊದಲ ವರ್ಷವೆಲ್ಲ ಬೇಕಾಯಿತು.

ಡಿಸೆಂಬರಿನಲ್ಲಿ ಊರಿಗೂ ಎರಡು ವಾರ ಚಳಿ ಬರುತ್ತದೆ,
ನೆಂಟರ ಹಾಗೆ.
ಆಗ ಮುಂಡಗೋಡದ ಟಿಬೆಟನ್ ಹೆಂಗಸು
ಮೈದಾನದ ಗೋಡೆಗೆ ಸ್ವೆಟರ್ ತೂಗುಹಾಕುತ್ತಾಳೆ.
“ಹಿಮ ಹೆಂಗಿರತೈತಿ?” ಅಂತ ಕೇಳಿದೆ.
“ನಾನೆಲ್ಲಿ ನೋಡಿದ್ದೀನಣ್ಣ, ಹುಟ್ಟಿದ್ದು ಇಲ್ಲೇ.
ಅಜ್ಜಿ ಹೇಳ್ತಿದ್ದಳು,
ದಾರಿ ಮುಚ್ಚಿದ ಮೇಲೆ ಅಲ್ಲಿ ಯಾರೂ
ಒಂದೇ ರಾತ್ರಿಗೆ ಕಥೆ ಮುಗಿಸ್ತಿರಲಿಲ್ಲವಂತೆ.”
ನೂರು ರೂಪಾಯಿ ಇಳಿಸಿದಳು.
ಅವತ್ತಿನಿಂದ
ಪಾರಮ್ಮನ ಚೀಲದ ಮುಂದೆ
ಮಾತನ್ನು ನಡುವೆಯೇ ನಿಲ್ಲಿಸಿ ಬರುತ್ತೇನೆ.
ನಾಳೆ ಹೋಗಲು ಒಂದು ಕಾರಣ ಇರಲಿ.

ಹಿಮ ನಮ್ಮಲ್ಲೂ ಇದೆ, ಅವಳಿಗೆ ಹೇಳಲಿಲ್ಲ.
ಅಮೋನಿಯಾ ಕೊಳವೆಯ ಮೈಗೆ ಬೆರಳೆತ್ತರ ಬೆಳೆಯುತ್ತದೆ.
ಒಮ್ಮೆ ಉಗುರಿನಿಂದ ಕೆರೆದು ಬುತ್ತಿ ಡಬ್ಬಿಯಲ್ಲಿ ತುಂಬಿ
ಚಹಾ ಅಂಗಡಿಯ ಹುಡುಗ ಶೇಕ್ಷಾವಲಿಗೆಂದು ಓಡಿದೆ.
ಗೇಟಿನ ಹೊತ್ತಿಗೆ ಅರ್ಧ, ರಸ್ತೆ ದಾಟುವಾಗ ಬರೀ ನೀರು.
ಅವನು ಬೆರಳದ್ದಿ ನೆಕ್ಕಿ
ಕಣ್ಣು ಕಿರಿದು ಮಾಡಿ ಅಂದ:
“ಅಣ್ಣಾ, ಹಿಮ ಖಾರ ಐತಿ.”

ಹೋದ ವಾರ ಲಾರಿ ಬಂದವು.
ಪಾರಮ್ಮನ ಮೂವತ್ತಾರೂ ಹೋದವು,
ಅವಳ ಮಗಳು ಎಲ್ಲಿ ಇಳಿದಳು ಎಂಬಲ್ಲಿಗೆ
ನನ್ನ ಕಥೆ ನಿಂತಿತ್ತು.
ಖಾಲಿ ಜಾಗದಲ್ಲಿ ಟಾರ್ಚು ಬಿಟ್ಟೆ.
ನೆಲದಲ್ಲಿ ಒಂದಿಷ್ಟು ಬೀಜ.

ಬೆಳಗ್ಗೆ ಆರಕ್ಕೆ ಬಾಗಿಲು ತೆರೆದರೆ
ಕನ್ನಡಕ ಮಂಜಾಗಿ ಬಳ್ಳಾರಿ ಕಾಣುವುದಿಲ್ಲ.
ಒರೆಸಿಕೊಳ್ಳದೆ ಮೆಟ್ಟಿಲ ಮೇಲೆ ಕೂರುತ್ತೇನೆ.
ಗೇಟಿನ ನಾಯಿ ಬಂದು
ನನ್ನ ಪ್ಯಾಂಟಿಗೆ ಬೆನ್ನು ಆನಿಸಿ ಮಲಗುತ್ತದೆ,
ಬಟ್ಟೆಯಲ್ಲಿ ಉಳಿದ ಚಳಿಗಾಗಿ.
ಹತ್ತು ನಿಮಿಷ. ಜಾಸ್ತಿಯೆಂದರೆ ಹನ್ನೆರಡು.
ನಾನು ಎಲ್ಲರ ಹಾಗೆ ಬೆಚ್ಚಗಾದ ಕೂಡಲೇ
ಎದ್ದು ಹೋಗುತ್ತದೆ.